ಟರ್ಬೊ ಕಾರು ನಿಜವಾಗಿ ಎಷ್ಟು ಕೊಡುತ್ತೆ? ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರು ಕೆ.ಎಂ. ರಸ್ತೆಯ ನಮ್ಮ ಗ್ಯಾರೇಜ್ ಯಜಮಾನರು ಇವತ್ತು ಸಂಜೆವರೆಗೆ ಉತ್ತರ ಕೊಡುತ್ತಾರೆ. ವಿಷಯ ಒಂದೇ, ಸ್ಪೋರ್ಟಿ ಟರ್ಬೊ ಪೆಟ್ರೋಲ್ ಕಾರುಗಳ, ಅಂದರೆ ಸಣ್ಣ ಎಂಜಿನ್‌ಗೆ ಹೆಚ್ಚು ಗಾಳಿ ಊದಿ ಬಲ ಕೊಡುವ ಕಾರುಗಳ ಮೈಲೇಜ್. ದೂರು ಹೇಳುವಾಗ ಕಂಪನಿ, ಶೋರೂಮ್, ಬಂಕ್ ಹೆಸರು ಹಾಕಬೇಡಿ.

ಕಡೂರು ಮೇಷ್ಟ್ರು: ನಮಸ್ಕಾರ ಸಾರ್. ಹ್ಯುಂಡೈ ಐ20 ಎನ್ ಲೈನ್ ಟರ್ಬೊ ಕಾರು ತಗೋಬೇಕು ಅಂತ ಮಗ ಹಟ ಹಿಡಿದಿದ್ದಾನೆ. ಕಾಗದದಲ್ಲಿ ಲೀಟರ್‌ಗೆ 20 ಕಿ.ಮೀ. ಅಂತ ಇದೆ. ನಿಜವಾಗಿ ಎಷ್ಟು ಬರುತ್ತೆ?

ಗ್ಯಾರೇಜ್: ನಮಸ್ಕಾರ ಮೇಷ್ಟ್ರೇ. ಕಾಗದದ ಲೆಕ್ಕ ರಸ್ತೆಯಲ್ಲಿ ಅಳೆದದ್ದಲ್ಲ. ಕಾರನ್ನು ಉರುಳೆ ಮೇಲೆ ನಿಲ್ಲಿಸಿ, ಎಸಿ ಆಫ್ ಮಾಡಿ ಓಡಿಸುತ್ತಾರೆ. ವೇಗ 90 ದಾಟುವುದಿಲ್ಲ. ಅಲ್ಲಿ ಗಾಳಿಯಿಲ್ಲ, ಏರಿಲ್ಲ, ಮುಂದೆ ಕಾಫಿ ಮೂಟೆ ಹೊತ್ತ ಲಾರಿಯಿಲ್ಲ. ಕಡೂರಿನಿಂದ ಇಲ್ಲಿಗೆ ನಿಧಾನವಾಗಿ ಬಂದರೆ 15-16 ಕಾಣಬಹುದು. ಊರೊಳಗೆ 10-11. ಮಗ ಓಡಿಸಿದರೆ ಅದೂ ಇಲ್ಲ.

ಕಡೂರು ಮೇಷ್ಟ್ರು: ಮಗ ಪಕ್ಕದಲ್ಲೇ ಕೂತು ಓದುತ್ತಿದ್ದಾನೆ ಸಾರ್.

ಹಾಸನದ ಹುಡುಗ: ಅಣ್ಣ, ಹಾಸನದಿಂದ ಬೆಂಗಳೂರಿಗೆ ಹೋಗುವಾಗ 80ರಲ್ಲಿ ಹೋದರೆ 18 ಬರುತ್ತೆ. 110ರಲ್ಲಿ ಹೋದರೆ 13. ಇಷ್ಟು ವ್ಯತ್ಯಾಸ ಯಾಕೆ? ಎಂಜಿನ್ ಏನಾದರೂ ಹಾಳಾಗಿದೆಯಾ?

ಗ್ಯಾರೇಜ್: ಎಂಜಿನ್ ಚೆನ್ನಾಗಿದೆ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. 80ರಿಂದ 110ಕ್ಕೆ ಹೋದರೆ ಸುಮಾರು 1.9 ಪಟ್ಟು. ಸಣ್ಣ ಎಂಜಿನ್‌ಗೆ ಟರ್ಬೊ ಊದಿಯೇ ಆ ತಡೆ ದಾಟಿಸಬೇಕು. ಊದಿದಷ್ಟೂ ಪೆಟ್ರೋಲ್ ಬೇಕು. ಚನ್ನರಾಯಪಟ್ಟಣ ದಾಟಿದ ಮೇಲೆ ರಸ್ತೆ ಖಾಲಿ ಇರುತ್ತೆ, ಕಾಲು ಭಾರ ಆಗುತ್ತೆ, ಅಷ್ಟೇ.

ತರೀಕೆರೆ ಎಕ್ಸ್‌ಪ್ರೆಸ್: ಐ20 ಎನ್ ಲೈನ್ ಮೈಲೇಜ್ ಎಷ್ಟು?

ಗ್ಯಾರೇಜ್: ಮೇಲೆ ಹೇಳಿದ್ದೇನೆ.

ಆಲ್ದೂರು ಕಾಫಿ: ಸಾರ್, ನನ್ನದು ಸೆಕೆಂಡ್ ಹ್ಯಾಂಡ್ 1 ಲೀಟರ್ ಟರ್ಬೊ, ನೇರ ಇಂಜೆಕ್ಷನ್ (ಪೆಟ್ರೋಲನ್ನು ಸೀದಾ ಸಿಲಿಂಡರ್ ಒಳಗೇ ಚಿಮುಕಿಸುವ ಎಂಜಿನ್). ಹೋದ ವರ್ಷ ತಗೊಂಡೆ. ಪ್ರತಿಸಲ ಫುಲ್ ಟ್ಯಾಂಕ್ ಮಾಡಿಸಿ ಪುಸ್ತಕದಲ್ಲಿ ಬರೆದಿಡುತ್ತೇನೆ. ಮೊದಲು ಡ್ಯಾಶ್‌ಬೋರ್ಡ್ ಮೀಟರ್‌ನಲ್ಲಿ 13.2, ಟ್ಯಾಂಕ್ ಲೆಕ್ಕದಲ್ಲಿ 12.6 ಬರುತ್ತಿತ್ತು. ಈಗ ಎರಡು ತಿಂಗಳಿಂದ ಟ್ಯಾಂಕ್ ಲೆಕ್ಕ 12.2 ಆಯಿತು, ಕೊನೆಯ ಸಲ 412 ಕಿ.ಮೀ.ಗೆ 34.9 ಲೀಟರ್ ಹಿಡಿಯಿತು. ಅಂದರೆ 11.8. ಆದರೆ ಮೀಟರ್ ಈಗಲೂ 13.2 ಅಂತಲೇ ತೋರಿಸುತ್ತಿದೆ. ದಿನಾ ಆಲ್ದೂರಿನಿಂದ ಚಿಕ್ಕಮಗಳೂರು ಪೇಟೆಗೆ ಅದೇ ರಸ್ತೆ, ಅದೇ ಬಂಕ್. ಬಂಕ್‌ನವರು ಮೋಸ ಮಾಡುತ್ತಿದ್ದಾರಾ?

ಬೇಲೂರು ರಸ್ತೆ: ಬಂಕ್ ಅಲ್ಲ ಗುರು, ಇ20, ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಎಲ್ಲರ ಕಾರಿಗೂ ಇದೇ ಗತಿ.

ಮೂಡಿಗೆರೆ ಮೆಣಸು: ಇ20ಗೆ ಬೈಯುವುದೇ ಒಂದು ಫ್ಯಾಶನ್ ಆಗಿದೆ. ನನ್ನ ಕಾರಿಗೆ ಏನೂ ಆಗಿಲ್ಲ.

ಬೇಲೂರು ರಸ್ತೆ: ನಿಮ್ಮದು ಡೀಸೆಲ್ ಅಲ್ವಾ ಮಾರಾಯ್ರೆ?

ಮೂಡಿಗೆರೆ ಮೆಣಸು: ಮನೆಯಲ್ಲಿ ಎರಡು ಕಾರಿದೆ.

ಗ್ಯಾರೇಜ್: ಇಬ್ಬರೂ ಸ್ವಲ್ಪ ಸುಮ್ಮನಿರಿ. ಆಲ್ದೂರಿನವರ ಲೆಕ್ಕ ನೋಡಿ ನನಗೆ ಕಳವಳ ಆಗಿದೆ. ಎಲ್ಲರೂ ಓದಿ.

ಡ್ಯಾಶ್‌ಬೋರ್ಡ್ ಮೀಟರ್ ಟ್ಯಾಂಕನ್ನು ನೋಡುವುದಿಲ್ಲ. ಎಂಜಿನ್‌ಗೆ ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು, ಎಷ್ಟು ಒತ್ತಡದಲ್ಲಿ ತೆರೆದಿತ್ತು ಅಂತ ಲೆಕ್ಕ ಹಾಕಿ ಹೇಳುತ್ತದೆ. ಹೆಚ್ಚಿನ ಕಾರುಗಳಲ್ಲಿ ಅದು ಸ್ವಲ್ಪ ಹೊಗಳಿಕೊಂಡೇ ತೋರಿಸುವುದು. ಇವರ ಕಾರು ಮೊದಲು ಶೇ. 5ರಷ್ಟು ಹೊಗಳಿಕೊಳ್ಳುತ್ತಿತ್ತು. ಅದು ಸಹಜ.

ಇ20 ವಿಷಯಕ್ಕೆ ಬನ್ನಿ. ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲಿನ ಮೂರನೇ ಎರಡರಷ್ಟೇ ಶಕ್ತಿ. ಐದರಲ್ಲಿ ಒಂದು ಪಾಲು ಅದೇ ಇದ್ದರೆ ಬರೀ ಪೆಟ್ರೋಲಿಗಿಂತ ಲೆಕ್ಕಕ್ಕೆ ಶೇ. 6-7 ಕಡಿಮೆ ಬರಬೇಕು. ಆದರೆ ಎಥನಾಲ್ ಜಾಸ್ತಿಯಾದರೆ ಎಂಜಿನ್ ಇಂಜೆಕ್ಟರನ್ನು ಜಾಸ್ತಿ ಹೊತ್ತು ತೆರೆಯುತ್ತದೆ. ಆಗ ಮೀಟರ್ ಲೆಕ್ಕವೂ ಇಳಿಯಬೇಕು. ಟಯರ್ ಗಾಳಿ ಕಡಿಮೆ ಇದ್ದರೂ, ಕಾಲು ಭಾರ ಇದ್ದರೂ ಎರಡೂ ಲೆಕ್ಕ ಒಟ್ಟಿಗೇ ಇಳಿಯುತ್ತವೆ.

ಇವರದ್ದರಲ್ಲಿ ಮೀಟರ್ ಅಲುಗಾಡಿಲ್ಲ. ಟ್ಯಾಂಕ್ ಲೆಕ್ಕ ಮಾತ್ರ ಇಳಿದಿದೆ. ಮೊದಲಿನ ಲೆಕ್ಕದಲ್ಲಿ 412 ಕಿ.ಮೀ.ಗೆ 32.7 ಲೀಟರ್ ಸಾಕಿತ್ತು. ಅಂದರೆ ಎರಡು ಲೀಟರ್‌ಗೂ ಜಾಸ್ತಿ ಪೆಟ್ರೋಲ್ ಇಂಜೆಕ್ಟರ್‌ಗೆ ಗೊತ್ತಿಲ್ಲದೆ ಹೋಗಿದೆ. ಒಂದೋ ಅದು ಟ್ಯಾಂಕಿಗೇ ಬಂದಿಲ್ಲ, ಅಳತೆ ಕಡಿಮೆ. ಇಲ್ಲಾ ಬಂದ ಮೇಲೆ ಎಲ್ಲೋ ಸೋರುತ್ತಿದೆ.

ಎರಡು ಕೆಲಸ ಮಾಡಿ. ಬಂಕ್‌ಗೆ ಹೋಗಿ 5 ಲೀಟರ್ ಅಳತೆ ಕ್ಯಾನ್ ಕೇಳಿ. ಮುದ್ರೆ ಹಾಕಿದ ಕ್ಯಾನ್ ಪ್ರತಿ ಬಂಕ್‌ನಲ್ಲೂ ಇರಬೇಕು. ನಿಮ್ಮೆದುರು ಹಿಡಿದು ತೋರಿಸಬೇಕು, ಕಾಸು ಕೊಡಬೇಕಿಲ್ಲ. ಅದಕ್ಕೂ ಮೊದಲು, ಈಗಲೇ, ಎಂಜಿನ್ ತಣ್ಣಗಿರುವಾಗ, ಸಮ ನೆಲದಲ್ಲಿ ಆಯಿಲ್ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು ಒರೆಸಿ, ಮತ್ತೆ ಹಾಕಿ ತೆಗೆಯಿರಿ. ಮೂಸಿ ನೋಡಿ.

ಶೃಂಗೇರಿ ಸವಾರ: ಸಾರ್, ಆಟೊಮ್ಯಾಟಿಕ್‌ನಲ್ಲಿ ಎಸ್ (ಸ್ಪೋರ್ಟ್) ಮೋಡ್ ಹಾಕಿದರೆ ಮೈಲೇಜ್ ಎಷ್ಟು ಕಡಿಮೆಯಾಗುತ್ತೆ?

ಕೊಪ್ಪದ ಅಡಿಕೆ: ಗ್ರೂಪ್‌ನಲ್ಲಿ ಬಂದದ್ದು ಹಾಕುತ್ತಿದ್ದೇನೆ. ಪೆಟ್ರೋಲ್ ಟ್ಯಾಂಕಿಗೆ 4 ನುಸಿಗುಳಿಗೆ ಹಾಕಿದರೆ ಮೈಲೇಜ್ 5 ಕಿ.ಮೀ. ಜಾಸ್ತಿ. ಬೆಳಿಗ್ಗೆ 6ಕ್ಕೆ ಹಾಕಿಸಿದರೆ ಪೆಟ್ರೋಲ್ ಗಟ್ಟಿಯಾಗಿರುತ್ತೆ, ಜಾಸ್ತಿ ಬರುತ್ತೆ. ಪೆಟ್ರೋಲ್ ಪೈಪಿಗೆ ಅಯಸ್ಕಾಂತ ಕಟ್ಟಿ. ಘಾಟಿ ಇಳಿಯುವಾಗ ನ್ಯೂಟ್ರಲ್. ಎಲ್ಲರಿಗೂ ಶೇರ್ ಮಾಡಿ.

ಗ್ಯಾರೇಜ್: ನುಸಿಗುಳಿಗೆ ಬೀರುವಿಗೆ. ಟ್ಯಾಂಕಿಗೆ ಹಾಕಿದರೆ ಇಂಜೆಕ್ಟರ್ ಬಾಯಿಗೆ ಮಸಿ ಹಿಡಿಯುತ್ತದೆ. ಅಯಸ್ಕಾಂತ ಫ್ರಿಜ್ ಬಾಗಿಲಿಗೆ. ಬಂಕ್ ಟ್ಯಾಂಕ್ ನೆಲದ ಒಳಗಿದೆ, ಬೆಳಿಗ್ಗೆ ಮಧ್ಯಾಹ್ನ ಅದರ ಬಿಸಿ ಹೆಚ್ಚು ಬದಲಾಗುವುದಿಲ್ಲ. ಒಂದು ಡಿಗ್ರಿಗೆ ಪೆಟ್ರೋಲ್ ಹಿಗ್ಗುವುದು ಸಾವಿರದಲ್ಲಿ ಒಂದು ಪಾಲು. 40 ಲೀಟರ್‌ಗೆ 40 ಎಂಎಲ್, ಅರ್ಧ ಲೋಟ ಕಾಫಿ. ಅದಕ್ಕೆ ನಿದ್ದೆಗೆಡಬೇಡಿ.

ನ್ಯೂಟ್ರಲ್ ವಿಷಯ ಮಾತ್ರ ತಮಾಷೆ ಅಲ್ಲ. ಗೇರ್‌ನಲ್ಲಿ ಇಟ್ಟು ಆಕ್ಸಿಲರೇಟರ್ ಬಿಟ್ಟರೆ ಇಂಜೆಕ್ಟರ್ ಪೂರ್ತಿ ಮುಚ್ಚುತ್ತದೆ. ಚಕ್ರವೇ ಎಂಜಿನ್ ತಿರುಗಿಸುತ್ತದೆ, ಪೆಟ್ರೋಲ್ ಸೊನ್ನೆ. ನ್ಯೂಟ್ರಲ್ ಹಾಕಿದರೆ ಎಂಜಿನ್ ಬದುಕಿರುವುದಕ್ಕೇ ಪೆಟ್ರೋಲ್ ಕುಡಿಯುತ್ತದೆ, ಅರ್ಧ ಗಂಟೆಗೆ ಕಾಲು ಲೀಟರ್ ಮೇಲೆ. ಉಳಿಸಲು ಹೋಗಿ ಕಳೆಯುವುದು. ಅದಲ್ಲದೆ ಎಂಜಿನ್ ಹಿಡಿತ ಹೋಗಿ ಭಾರವೆಲ್ಲ ಬ್ರೇಕಿನ ಮೇಲೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ಬಂದ ಕಾರಿನ ಡಿಸ್ಕ್ ನೀಲಿ ಬಣ್ಣಕ್ಕೆ ತಿರುಗಿದ್ದು ನಾನು ಕಣ್ಣಾರೆ ನೋಡಿದ್ದೇನೆ. ಬ್ರೇಕ್ ಆಯಿಲ್ ಕುದ್ದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಮಂಜಿನಲ್ಲಿ, ತಿರುವಿನಲ್ಲಿ. ಇದನ್ನು ಫಾರ್ವರ್ಡ್ ಮಾಡಿ, ಅದನ್ನಲ್ಲ.

ಕೊಪ್ಪದ ಅಡಿಕೆ: ಒಳ್ಳೆಯದಾಗಲಿ ಅಂತ ಹಾಕಿದೆ ಸಾರ್. ಇಷ್ಟು ಕೋಪ ಯಾಕೆ?

ಗ್ಯಾರೇಜ್: ನೀವು ಹಾಕಿದ್ದನ್ನು ಓದಿ ಇಳಿಯುವವನು ಎಲ್ಲೋ ಇರುತ್ತಾನೆ, ಅದಕ್ಕೆ.

ಹಾಸನದ ಹುಡುಗ: ಶಿರಾಡಿ ಹತ್ತುವಾಗ ಮೀಟರ್ 7 ತೋರಿಸುತ್ತೆ ಅಣ್ಣ. ಗಾಬರಿ ಪಡಬೇಕಾ?

ಗ್ಯಾರೇಜ್: ಬೇಡ. ಗುಂಡ್ಯದಿಂದ ಸಕಲೇಶಪುರಕ್ಕೆ ಸುಮಾರು 800 ಮೀಟರ್ ಎತ್ತರ. ನಾಲ್ಕು ಜನ ಕೂತ ಕಾರು 1,400 ಕೆ.ಜಿ. ಅಂತ ಇಟ್ಟುಕೊಂಡರೆ ಆ ಎತ್ತರಕ್ಕೆ ಎತ್ತುವುದಕ್ಕೇ ಒಂದೂಕಾಲು ಲೀಟರ್ ಮೇಲೆ ಬೇಕು. ಪೇಟೆಯಿಂದ ಮುಳ್ಳಯ್ಯನಗಿರಿಗೂ ಹೆಚ್ಚುಕಡಿಮೆ ಅಷ್ಟೇ ಏರು. ಹೋಗಿ ಬಂದು ಒಟ್ಟು ಲೆಕ್ಕ ಹಾಕಿ.

ಬೇಲೂರು ರಸ್ತೆ: ಪೋಲೋ ಜಿಟಿ ಇದ್ದಾಗ ಇಂಥ ಪ್ರಶ್ನೆಯೇ ಇರಲಿಲ್ಲ. ಫುಲ್ ಟ್ಯಾಂಕಿಗೆ 600 ಕಿ.ಮೀ. ಹೋಗಿದ್ದೇನೆ. ಐ20ಯಲ್ಲಿ ಹೋಗಿ ತೋರಿಸಿ ನೋಡೋಣ.

ತರೀಕೆರೆ ಎಕ್ಸ್‌ಪ್ರೆಸ್: ಪೋಲೋ ಟ್ಯಾಂಕ್ 45 ಲೀಟರ್. ಐ20 ಟ್ಯಾಂಕ್ 37. ಲೀಟರ್‌ಗೆ ಎಷ್ಟು ಅಂತ ಹೇಳಿ, ಟ್ಯಾಂಕಿಗೆ ಎಷ್ಟು ಅಂತಲ್ಲ.

ಬೇಲೂರು ರಸ್ತೆ: 13.3. ತೂಕದ ಗಾಡಿ ಅದು. ಬಾಗಿಲು ಹಾಕಿದ ಸದ್ದಿಗೇ ಗೊತ್ತಾಗುತ್ತೆ.

ತರೀಕೆರೆ ಎಕ್ಸ್‌ಪ್ರೆಸ್: 2022ಕ್ಕೇ ನಿಂತುಹೋದ ಗಾಡಿಯ ಬಾಗಿಲು ಎಷ್ಟು ದಿನ ಹಾಕುತ್ತೀರಿ?

ಮೂಡಿಗೆರೆ ಮೆಣಸು: ಇಬ್ಬರೂ ಬಾಗಿಲು ಹಾಕಿಕೊಂಡು ಹೊರಗೆ ಜಗಳ ಆಡಿ.

ಆಲ್ದೂರು ಕಾಫಿ: ಸಾರ್, ನೋಡಿದೆ. ಆಯಿಲ್ ಮೇಲಿನ ಗೆರೆ ದಾಟಿ ಒಂದು ಬೆರಳು ಮೇಲಿದೆ. ನಾನು ಆಯಿಲ್ ಹಾಕಿಸಿಯೇ ಇಲ್ಲ. ಮೂಸಿದರೆ ಗಮ್ಮಂತ ಪೆಟ್ರೋಲ್ ವಾಸನೆ. ಬೆರಳಿನಲ್ಲಿ ಉಜ್ಜಿದರೆ ನೀರು ನೀರಾಗಿದೆ. ಬಂಕ್‌ಗೆ ಈಗ ಹೊರಡುತ್ತೇನೆ.

ಗ್ಯಾರೇಜ್: ಹೊರಡಬೇಡಿ. ಕಾರು ಸ್ಟಾರ್ಟ್ ಮಾಡಬೇಡಿ. ಬಂಕ್‌ನವರು ನಿರಪರಾಧಿಗಳು.

ಹಾಸನದ ಹುಡುಗ: ಆಯಿಲ್ ಹೇಗೆ ಅಣ್ಣ ತಾನೇ ಜಾಸ್ತಿ ಆಗುತ್ತೆ?

ಗ್ಯಾರೇಜ್: ನೇರ ಇಂಜೆಕ್ಷನ್ ಎಂಜಿನ್‌ನಲ್ಲಿ ಎರಡು ಪೆಟ್ರೋಲ್ ಪಂಪ್. ಒಂದು ಟ್ಯಾಂಕಿನಲ್ಲಿ. ಇನ್ನೊಂದು ಎಂಜಿನ್ ಮೇಲೆ, ಕ್ಯಾಮ್ (ಎಂಜಿನ್ ಜೊತೆ ತಿರುಗುವ ಉಬ್ಬು) ತಿರುಗಿದಂತೆ ಸಣ್ಣ ಕಡ್ಡಿಯಂಥ ಪ್ಲಂಜರ್ ಮೇಲೆ ಕೆಳಗೆ ಆಡಿ 150-200 ಬಾರ್ ಒತ್ತಡ ಮಾಡುತ್ತದೆ. ನಿಮ್ಮ ಟಯರ್‌ನಲ್ಲಿ ಇರುವುದು ಎರಡು ಬಾರ್ ಚಿಲ್ಲರೆ, ನೆನಪಿರಲಿ. ಆ ಪ್ಲಂಜರ್‌ನ ಒಂದು ತುದಿಯಲ್ಲಿ ಪೆಟ್ರೋಲ್, ಇನ್ನೊಂದು ತುದಿಯಲ್ಲಿ ಎಂಜಿನ್ ಆಯಿಲ್. ನಡುವೆ ಒಂದು ಸೀಲ್. ಸೀಲ್ ಸೋತರೆ ಪೆಟ್ರೋಲ್ ಸೀದಾ ಆಯಿಲ್‌ಗೆ ಇಳಿಯುತ್ತದೆ. ಕೆಳಗೆ ನೆಲದ ಮೇಲೆ ಒಂದು ಹನಿ ಬೀಳುವುದಿಲ್ಲ. ಒಂದಿಷ್ಟು ಆವಿಯಾಗಿ ಮತ್ತೆ ಎಂಜಿನ್‌ಗೇ ಹೋಗುತ್ತೆ, ಉಳಿದದ್ದು ಆಯಿಲ್‌ನಲ್ಲಿ ಸೇರಿ ಮಟ್ಟ ಏರುತ್ತೆ. ಇಂಜೆಕ್ಟರ್ ಸೋರಿದರೂ ಹೀಗೇ ಆಗಬಹುದು. ಬಿಚ್ಚಿ ನೋಡದೆ ಹೇಳಲಾರೆ.

ಮೂಡಿಗೆರೆ ಮೆಣಸು: ಇಷ್ಟಕ್ಕೆಲ್ಲ ಗಾಬರಿ ಬೇಡ. ಚಳಿಯಲ್ಲಿ ಹತ್ತಿರ ಹತ್ತಿರ ಓಡಿಸಿದರೆ ಆಯಿಲ್‌ಗೆ ಪೆಟ್ರೋಲ್ ಸೇರುವುದು ಮಾಮೂಲಿ. ಹಾಸನದವರೆಗೆ ಒಂದು ರೌಂಡ್ ಹೊಡೆದು ಬನ್ನಿ, ಕಾದು ಎಲ್ಲ ಆವಿಯಾಗುತ್ತೆ.

ಗ್ಯಾರೇಜ್: ನೀವು ಹೇಳಿದ್ದು ಅರ್ಧ ನಿಜ, ಅದಕ್ಕೇ ಅಪಾಯ. ದಿನಾ ಎರಡು ಕಿ.ಮೀ. ಓಡುವ ಕಾರಿಗೆ ಅದು ಸರಿ. ಇವರದು ಆಲ್ದೂರಿನಿಂದ ಪೇಟೆ, ಎಂಜಿನ್ ಚೆನ್ನಾಗಿ ಕಾಯುವಷ್ಟು ದೂರ. ಆದರೂ ಬೆರಳು ಎತ್ತರ ಏರಿದೆ ಅಂದರೆ ಸೋರಿಕೆ. ಟರ್ಬೊ ಕಡ್ಡಿ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ಆಯಿಲ್‌ನ ಪದರದ ಮೇಲೆ ತೇಲಿಕೊಂಡು. ಆ ಆಯಿಲ್ ನೀರಾಗಿದ್ದರೆ ಹಾಸನ ಮುಟ್ಟುವ ಮೊದಲೇ ಲೋಹಕ್ಕೆ ಲೋಹ ತಾಗಬಹುದು. ಬೇರಿಂಗ್‌ಗೂ ಅದೇ ಗತಿ. ಸೀಲ್ ಖರ್ಚಿನಲ್ಲಿ ಮುಗಿಯುವುದು ಎಂಜಿನ್ ಖರ್ಚಿಗೆ ಹೋಗುತ್ತದೆ.

ಮೂಡಿಗೆರೆ ಮೆಣಸು: 30 ವರ್ಷದಿಂದ ಜೀಪ್ ಓಡಿಸುತ್ತಿದ್ದೇನೆ. ನನಗೂ ಸ್ವಲ್ಪ ಗೊತ್ತು.

ಗ್ಯಾರೇಜ್: ಜೀಪಿನದ್ದು ಗೊತ್ತು.

ಬೇಲೂರು ರಸ್ತೆ: 😂

ಮೂಡಿಗೆರೆ ಮೆಣಸು: ಅಡ್ಮಿನ್, ಇದೇನಾ ಮರ್ಯಾದೆ?

ಅಡ್ಮಿನ್: ದಯವಿಟ್ಟು ವಿಷಯಕ್ಕೆ ಬನ್ನಿ.

ಶೃಂಗೇರಿ ಸವಾರ: ಎಸ್ ಮೋಡ್ ಬಗ್ಗೆ ಕೇಳಿದ್ದೆ ಸಾರ್.

ಕಡೂರು ಮೇಷ್ಟ್ರು: ಮಗ ಕೇಳುತ್ತಿದ್ದಾನೆ, ಅಗಲದ ಟಯರ್ ಹಾಕಿದರೆ ಮೈಲೇಜ್ ಕಡಿಮೆಯಾಗುತ್ತಾ ಅಂತ.

ಹಾಸನದ ಹುಡುಗ: ಆಗುತ್ತೆ ಮೇಷ್ಟ್ರೇ. ನಾನು ಹಾಕಿಸಿ ಒಂದು ಕಿ.ಮೀ. ಕಳೆದುಕೊಂಡೆ. ನೋಡಲು ಮಾತ್ರ ಸೂಪರ್.

ಕಡೂರು ಮೇಷ್ಟ್ರು: ಕೊನೆಯ ಮಾತು ಅವನಿಗೆ ಓದಿ ಹೇಳುವುದಿಲ್ಲ.

ಅಜ್ಜಂಪುರ ಈರುಳ್ಳಿ: ಐ20 ಎನ್ ಲೈನ್ ಎಷ್ಟು ಕೊಡುತ್ತೆ ಸಾರ್?

ಗ್ಯಾರೇಜ್: ಮೇಲೆ. ಮೇಲೆ. ಮೇಲೆ.

ಕೊಪ್ಪದ ಅಡಿಕೆ: ಜಾಸ್ತಿ ಆಕ್ಟೇನ್ ಪೆಟ್ರೋಲ್ ಹಾಕಿದರೆ ಮೈಲೇಜ್ ಜಾಸ್ತಿ ಬರುತ್ತಾ? ಇದು ಫಾರ್ವರ್ಡ್ ಅಲ್ಲ, ನನ್ನದೇ ಪ್ರಶ್ನೆ.

ಗ್ಯಾರೇಜ್: ಒಳ್ಳೆಯ ಪ್ರಶ್ನೆ. ಆಕ್ಟೇನ್ ಅಂದರೆ ನಾಕಿಂಗ್ ತಡೆಯುವ ಶಕ್ತಿ. ನಾಕಿಂಗ್, ಅಂದರೆ ಪೆಟ್ರೋಲ್ ತಾನಾಗಿಯೇ ಸಿಡಿದು ಎಂಜಿನ್ ಟಕಟಕ ಅನ್ನುವುದು, ಶುರುವಾದರೆ ಟರ್ಬೊ ಎಂಜಿನ್ ತಾನೇ ಕಿಡಿ ಹಾರಿಸುವುದನ್ನು ತಡ ಮಾಡುತ್ತದೆ, ಆಗ ಪೆಟ್ರೋಲ್ ಪೋಲು. ಘಾಟಿ ಏರಿನಲ್ಲಿ, ಪೂರ್ತಿ ಲೋಡಿನಲ್ಲಿ ಜಾಸ್ತಿ ಆಕ್ಟೇನ್ ಸ್ವಲ್ಪ ಕೈ ಹಿಡಿಯಬಹುದು. ಪೇಟೆಯಲ್ಲಿ ನಿಧಾನ ಓಡಿಸುವವರಿಗೆ ಕೊಟ್ಟ ಕಾಸು ವಾಪಸ್ ಬರುವುದಿಲ್ಲ.

ಆಲ್ದೂರು ಕಾಫಿ: ಸಾರ್, ಕಾರು ಶೆಡ್‌ನಲ್ಲೇ ಬಿಟ್ಟಿದ್ದೇನೆ. ತಮ್ಮ ಹಗ್ಗ ಕಟ್ಟಿ ಜೀಪಿನಲ್ಲಿ ಎಳೆದು ತರುತ್ತೇನೆ ಅನ್ನುತ್ತಿದ್ದಾನೆ.

ಗ್ಯಾರೇಜ್: ಹಗ್ಗ ಬೇಡ. ಎಂಜಿನ್ ಆಫ್ ಇದ್ದರೆ ಬ್ರೇಕ್ ಪೆಡಲ್ ಗಟ್ಟಿಯಾಗುತ್ತೆ, ಸ್ಟಿಯರಿಂಗ್ ಭಾರ ಆಗುತ್ತೆ. ನಿಮ್ಮದು ಆಟೊಮ್ಯಾಟಿಕ್ ಆಗಿದ್ದರೆ ಗೇರ್ ಬಾಕ್ಸ್ ಕೂಡ ಹೋಗುತ್ತೆ. ಮೇಲೆ ಹತ್ತಿಸಿಕೊಂಡು ಬರುವ ಗಾಡಿ ಕಳಿಸುತ್ತೇನೆ, ನಾಳೆ ಬೆಳಿಗ್ಗೆ 9ಕ್ಕೆ. ಶೆಡ್ ಬಾಗಿಲು ತೆರೆದಿಡಿ, ಪೆಟ್ರೋಲ್ ಆವಿ ನಿಲ್ಲಬಾರದು. ಪಕ್ಕದಲ್ಲಿ ಒಲೆ ಹಚ್ಚಬೇಡಿ. ಡಿಪ್‌ಸ್ಟಿಕ್ ಒರೆಸಿದ ಬಟ್ಟೆ ಎಸೆಯಬೇಡಿ, ಒಂದು ಡಬ್ಬಿಯಲ್ಲಿ ಮುಚ್ಚಿಟ್ಟು ತನ್ನಿ. ಆ ಲೆಕ್ಕದ ಪುಸ್ತಕವೂ ಇರಲಿ.