ಬಿದ್ರಿ ಅಂಗಡಿಯ ಜಾಲತಾಣ: ಎನ್‌ವಿಡಿಎ ಪದೇ ಪದೇ ‘ಪೌಂಡ್’ ಎನ್ನುತ್ತಿದೆ, ಏಕೆ?

ಚೌಬಾರದ_ಹುಡುಗ: ಮೂರು ರಾತ್ರಿ ಹಾಳಾಯಿತು. ಬೀದರಿನಲ್ಲಿರುವ ನಮ್ಮ ಕಾಕಾ ಅವರ ಬಿದ್ರಿ ಅಂಗಡಿಗೆ ಜಾಲತಾಣ ಮಾಡಿದ್ದೇನೆ. ಕಣ್ಣು ಕಾಣದ ಮಾಸ್ತರರೊಬ್ಬರು ಹೂಜಿ ಕೊಳ್ಳಲೆಂದು ತೆರೆದರೆ ಎನ್‌ವಿಡಿಎ (ಪರದೆಯ ಬರಹವನ್ನು ಗಟ್ಟಿಯಾಗಿ ಓದುವ ತಂತ್ರಾಂಶ) ಬರೀ ಇಂಗ್ಲಿಷ್ ಅಕ್ಷರಗಳನ್ನು ಒದರುತ್ತದೆ, ನಡುನಡುವೆ ‘ಪೌಂಡ್’ ಎನ್ನುತ್ತದೆ. ಬೆಲೆಯನ್ನೆಲ್ಲ ರೂಪಾಯಿಯಲ್ಲೇ ಹಾಕಿದ್ದೇನೆ. ಪರದೆಯ ಮೇಲೆ ಕನ್ನಡ ಅಚ್ಚುಕಟ್ಟಾಗಿದೆ. ಬೇಗ ಹೇಳಿ.

ಕೋಟೆಬಾಗಿಲು: ಪುಟದ ಭಾಷೆ ನೋಡಿ. ಟೆಂಪ್ಲೇಟು ಬ್ರಿಟಿಷ್ ಇಂಗ್ಲಿಷಿನದಾದರೆ ಪೌಂಡ್ ಬರದೆ ಇನ್ನೇನು ಬರುತ್ತದೆ? ಎಚ್‌ಟಿಎಂಎಲ್ ಟ್ಯಾಗಿನ ಲ್ಯಾಂಗ್‌ನಲ್ಲಿ ಕನ್ನಡದ ಸಂಕೇತ ‘ಕೆಎನ್’ ಹಾಕಿ.

ಚೌಬಾರದ_ಹುಡುಗ: ಹಾಕಿದೆ. ಅದೇ ಕಸವನ್ನು ಈಗ ಬೇರೆ ರಾಗದಲ್ಲಿ ಓದುತ್ತಿದೆ.

ಕೋಟೆಬಾಗಿಲು: ಬ್ರೌಸರ್ ಉಳಿಸಿಟ್ಟುಕೊಂಡ ಹಳೆಯ ಪುಟ, ಅದೇ ಕ್ಯಾಶ್, ಅಳಿಸಿದಿರಾ? ಸಮಸ್ಯೆ ಭಾಷೆಯದ್ದೇ, ಬರೆದಿಟ್ಟುಕೊಳ್ಳಿ.

ಬೆಳ್ಳಿತಂತಿ: ತಾಣ ನೋಡಿದೆ. ಮೊದಲು ಆ ಕಪ್ಪಿನ ಮೇಲಿನ ಬೆಳ್ಳಿ ಅಕ್ಷರ ತೆಗೆಯಿರಿ. ಮಂದದೃಷ್ಟಿಯವರು ಓದುವುದು ಹೇಗೆ?

ಚೌಬಾರದ_ಹುಡುಗ: ಬಿದ್ರಿ ಎಂದರೇ ಕಪ್ಪಿನ ಮೇಲೆ ಬೆಳ್ಳಿ. ಗುಲಾಬಿ ಬಳಿಯಲೇ?

ಕೋಟೆಬಾಗಿಲು: ಜಾಲತಾಣ ಎಲ್ಲರಿಗೂ ಎಟುಕಲೆಂದು ಇರುವ ಮಾನದಂಡ ಡಬ್ಲ್ಯುಸಿಎಜಿ. ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಅದು ಕೇಳುವ ಹೊಳಪಿನ ಅಂತರ 4.5:1. ಇದು ಅದನ್ನು ಆರಾಮಾಗಿ ದಾಟುತ್ತದೆ.

ಬೆಳ್ಳಿತಂತಿ: ಅಳತೆಪಟ್ಟಿ ಬೇರೆ, ಕಣ್ಣು ಬೇರೆ. ನಮ್ಮ ತಾಯಿಗೆ ಕಪ್ಪಿನ ಮೇಲೆ ಹೊಳೆಯುವ ಅಕ್ಷರ ಹರಡಿಕೊಂಡಂತೆ ಕಾಣುತ್ತದೆ.

ಶಹಾಪುರ_ಸ್ವರ: ನನ್ನ ಬಳಿ 40 ಕೋಶಗಳ ಬ್ರೈಲ್ ಡಿಸ್‌ಪ್ಲೇ (ಪರದೆಯ ಬರಹವನ್ನು ಬೆರಳಿಗೆ ಚುಕ್ಕೆಗಳಾಗಿ ಕೊಡುವ ಸಾಧನ) ಇದೆ, ಎರಡು ಲ್ಯಾಪ್‌ಟಾಪಿಗೂ ಜೋಡಿಸಿದ್ದೇನೆ. ಇಂಥ ತೊಂದರೆ ಎಂದೂ ಬಂದಿಲ್ಲ.

ಕಿವಿಗಣ್ಣು_ಕಲಬುರಗಿ: ಡಿಸ್‌ಪ್ಲೇ ವಿಷಯ ಆಮೇಲೆ ಅಣ್ಣಾ. ತಮ್ಮಾ, ನಾನು ದಿನವೂ ಎನ್‌ವಿಡಿಎಯಲ್ಲೇ ಓದುವವನು. ಪೌಂಡ್ ಬರುವುದು ಬೆಲೆಯ ಪಕ್ಕದಲ್ಲೋ, ‘ನಮ್ಮ’, ‘ಮನೆತನ’ ಎಂಬಂಥ ಮಾತುಗಳಲ್ಲೋ? ಒಂದು ಸಾಲನ್ನು ನಕಲಿಸಿ ನೋಟ್‌ಪ್ಯಾಡಿನಲ್ಲಿ ಅಂಟಿಸಿ ನೋಡು.

ಚೌಬಾರದ_ಹುಡುಗ: ಅಯ್ಯೋ, ಇಂಗ್ಲಿಷ್ ಕಲಸುಮೇಲೋಗರ! ‘ನ’ ಇದ್ದಲ್ಲೆಲ್ಲ ಪೌಂಡ್ ಚಿಹ್ನೆ. ಬರಹವನ್ನು ಹಳೆಯ ಕರಪತ್ರದಿಂದ ತೆಗೆದಿದ್ದೆ, ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪಾದದ್ದು. ಎಲ್ಲರಿಗೂ ಕಾಣಲೆಂದು ಫಾಂಟನ್ನೂ ಸರ್ವರಿಗೆ ಏರಿಸಿದ್ದೆ. ಅದನ್ನೂ ಹೇಳಬೇಕಿತ್ತೇ?

ಕಿವಿಗಣ್ಣು_ಕಲಬುರಗಿ: ಅದೊಂದನ್ನೇ ಹೇಳಬೇಕಿತ್ತು. ಹಳೆಯ ನುಡಿ ಫಾಂಟಿನಲ್ಲಿ ಕನ್ನಡ ಇರುವುದು ಅಕ್ಷರದ ಆಕಾರದಲ್ಲಿ ಮಾತ್ರ. ಒಳಗೆ ‘ಕ’ಕ್ಕೆ ಇಂಗ್ಲಿಷಿನ ಪಿ, ‘ನ’ಕ್ಕೆ ಪೌಂಡ್ ಚಿಹ್ನೆ, ಎರಡರ ಬೆನ್ನಿಗೂ ತಲೆಯ ಮೇಲೆ ಗೀಟು ಹೊತ್ತ ಒಂದು ಎ. ಫಾಂಟು ವೇಷ ಹಾಕಿಸುತ್ತದೆ, ನೋಡುವವರಿಗೆ ಕನ್ನಡ. ಎನ್‌ವಿಡಿಎ ವೇಷ ನೋಡುವುದಿಲ್ಲ, ಒಳಗಿದ್ದುದನ್ನೇ ಓದುತ್ತದೆ. ಹುಡುಕುತಾಣಗಳಿಗೂ ನಿಮ್ಮ ಅಂಗಡಿ ಕನ್ನಡದಲ್ಲಿ ಸಿಗುವುದಿಲ್ಲ. ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಯೂನಿಕೋಡಿಗೆ ಪರಿವರ್ತಿಸು, ನುಡಿ ತಂತ್ರಾಂಶದಲ್ಲೇ ಪರಿವರ್ತಕವಿದೆ. ಅರ್ಕಾವತ್ತು, ಒತ್ತಕ್ಷರಗಳನ್ನು ಕುಳಿತು ತಿದ್ದು. ‘ಕೆಎನ್’ ಹಾಗೆಯೇ ಇರಲಿ.

ಕೋಟೆಬಾಗಿಲು: ಅಂದರೆ ಸಮಸ್ಯೆ ಭಾಷೆಯದ್ದೇ ಎಂದಾಯಿತಲ್ಲ.

ಬೆಳ್ಳಿತಂತಿ: ಬಣ್ಣದ ವಿಷಯಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಚೌಬಾರದ_ಹುಡುಗ: ಪರಿವರ್ತಿಸಿದೆ, ಪೌಂಡ್ ತೊಲಗಿತು. ಮಾಸ್ತರರು ಪುಟವನ್ನು ಪೂರ್ತಿ ಕೇಳಿಸಿಕೊಂಡು, ‘ಹೂಜಿಗೆ ಎಷ್ಟಪ್ಪಾ?’ ಎಂದು ಫೋನ್ ಮಾಡಿದರು. ಬೆಲೆಪಟ್ಟಿ ಮೇಲೆಯೇ ಇದೆಯಲ್ಲ!

ಕಿವಿಗಣ್ಣು_ಕಲಬುರಗಿ: ಪಟ್ಟಿ ಅಕ್ಷರದಲ್ಲಿದೆಯೋ, ಫೋಟೋವೋ?

ಚೌಬಾರದ_ಹುಡುಗ: ಫೋಟೋ.