ಬಾಳೆಗದ್ದೆ ಮನೆ ವಾಟ್ಸಾಪ್ ಗುಂಪು, ಜೂನ್ 2025: ಸಿಲಿಂಡರ್ ಈಗಲೇ ಬುಕ್ ಮಾಡಬೇಕಾ?

ಶ್ರೀಧರ ಮಾವ (ಸಾಗರ): ಫಾರ್ವರ್ಡ್ ಮಾಡಿದ ಸಂದೇಶ: "ಇರಾನ್ ಹಾರ್ಮುಜ್ ಜಲಸಂಧಿ ಬಂದ್ ಮಾಡಿದೆ!! ಮೂರು ತಿಂಗಳು ಗ್ಯಾಸ್ ಇಲ್ಲ. ಎಲ್ಲರಿಗೂ ಕಳಿಸಿ."
ನಾನು ಎರಡೂ ಕನೆಕ್ಷನ್‌ಗೆ ಬುಕ್ ಮಾಡಿ ಆಯ್ತು.

ಸುಮ ಅತ್ತೆ: ಅಡುಗೆಮನೆಯಲ್ಲಿ ಒಂದು ತುಂಬಿದ್ದು ಹಾಗೇ ಇದೆ. ನನ್ನನ್ನು ಒಂದು ಮಾತು ಕೇಳಬಾರದಾ?

ವಿನಯ (ಮಂಗಳೂರು): ಮಾವ, ಕೊಲ್ಲಿ ದೇಶಗಳಿಂದ ಹಡಗು ಹೊರಬರುವ ಆ ಇಕ್ಕಟ್ಟಿನ ಸಮುದ್ರದಾರಿ ಬಂದ್ ಆಗಿಲ್ಲ. ಜೂನ್ 22ಕ್ಕೆ ಇರಾನಿನ ಸಂಸತ್ತು ಮುಚ್ಚೋಣ ಅಂದಿದೆ, ಅಷ್ಟೇ. ಕೊನೇ ತೀರ್ಮಾನ ಅವರ ಭದ್ರತಾ ಮಂಡಳಿಯದ್ದು.

ಶ್ರೀಧರ ಮಾವ: ನಿನಗೇನಪ್ಪ, ಪೈಪ್ ಗ್ಯಾಸ್. ನಮಗೂ ಪೈಪ್ ಹಾಕಿದ್ದರೆ ಈ ಹಂಗು ಇರುತ್ತಿತ್ತಾ?

ವಿನಯ: ಇದ್ದೇ ಇರುತ್ತಿತ್ತು. ಪೈಪಿನಲ್ಲಿ ಬರುವುದು ಮೀಥೇನ್. ದೇಶಕ್ಕೆ ಬೇಕಾದ್ದರಲ್ಲಿ ಸುಮಾರು ಅರ್ಧ ಹೊರಗಿಂದ ಬರುತ್ತದೆ, ಅದರಲ್ಲಿ ಕತಾರ್‌ದೇ ದೊಡ್ಡ ಪಾಲು. ಅಲ್ಲಿ ಮೈನಸ್ 162 ಡಿಗ್ರಿಗೆ ತಣಿಸಿ ದ್ರವ ಮಾಡಿ ಹಡಗಿಗೆ ತುಂಬುತ್ತಾರೆ. 600 ಪಾಲು ಜಾಗ ಹಿಡಿಯುವುದು ಒಂದು ಪಾಲಿಗೆ ಇಳಿಯುತ್ತದೆ. ವರ್ಷಕ್ಕೆ 75 ಲಕ್ಷ ಟನ್ನಿನ ಒಪ್ಪಂದವನ್ನು ನಮ್ಮ ಗ್ಯಾಸ್ ಆಮದು ಕಂಪನಿ ಪೆಟ್ರೋನೆಟ್‌ನವರು 2024ರಲ್ಲಿ ಮತ್ತೆ 2048ರವರೆಗೆ ಮುಂದುವರಿಸಿದ್ದಾರೆ. ಆ ಹಡಗುಗಳಿಗೂ ಹಾರ್ಮುಜ್ ಬಿಟ್ಟು ಬೇರೆ ದಾರಿ ಇಲ್ಲ.

ಮೇಘನಾ (ಬೆಂಗಳೂರು): ವಿನಯಣ್ಣ, ನಿಮ್ಮ ಮಂಗಳೂರಿನ ಪೈಪ್ ಬರುವುದು ಕೊಚ್ಚಿಯಿಂದ ಅಲ್ವಾ? 450 ಕಿ.ಮೀ., 2021ರಲ್ಲಿ ಉದ್ಘಾಟನೆ ಆಗಿದ್ದು. ಕೊಚ್ಚಿಗೆ ಆಸ್ಟ್ರೇಲಿಯಾದ ಗ್ಯಾಸ್ ನಿಕ್ಷೇಪ ಗೋರ್ಗಾನ್‌ನಿಂದ ತರಿಸುವ ಒಪ್ಪಂದವೂ ಇದೆ. ಅದಕ್ಕೆ ಹಾರ್ಮುಜ್ ಬೇಕಿಲ್ಲ.

ವಿನಯ: ಬೇಕಿಲ್ಲ, ಸರಿ. ಆದರೆ ಕತಾರ್ ನಿಂತ ದಿನ ಜಪಾನ್, ಕೊರಿಯಾ, ಯುರೋಪ್ ಎಲ್ಲರೂ ಉಳಿದ ಹಡಗುಗಳಿಗೆ ಮುಗಿಬೀಳುತ್ತಾರೆ. 2022 ನೆನಪು ಮಾಡಿಕೋ. ರಷ್ಯಾದ ಪೈಪ್ ಕೈಕೊಟ್ಟಾಗ ಯುರೋಪಿನವರು ಕೇಳಿದ ರೇಟು ಕೊಟ್ಟು ಕೊಂಡರು. ರಷ್ಯಾದ ಗ್ಯಾಸ್ ಕಂಪನಿ ಗಾಜ್‌ಪ್ರಾಮ್‌ನ ಹಳೇ ಅಂಗಸಂಸ್ಥೆಯಿಂದ ನಮ್ಮ ಸರ್ಕಾರಿ ಗ್ಯಾಸ್ ಕಂಪನಿ ಗೇಲ್‌ಗೆ ಬರಬೇಕಿದ್ದ ಹಡಗುಗಳೇ ತಪ್ಪಿದವು. ಪಾಕಿಸ್ತಾನದ ಟೆಂಡರಿಗೆ ಮಾರುವವರೇ ಬರಲಿಲ್ಲ. ಕಾಗದದಲ್ಲಿ ಒಪ್ಪಂದ ಇತ್ತು, ಒಲೆಗೆ ಗ್ಯಾಸ್ ಇರಲಿಲ್ಲ.

ಶ್ರೀಧರ ಮಾವ: ಅದಕ್ಕೇ ಇರಾನಿನಿಂದ ನೆಲದ ಮೇಲೇ ಸೀದಾ ಪೈಪ್ ಎಳೆಯಬೇಕಿತ್ತು.

ಮೇಘನಾ: ಪಾಕಿಸ್ತಾನ ದಾಟಿ ಬರಬೇಕಲ್ಲ ಮಾವ. ವಾಲ್ವ್ ಅವರ ಕೈಯಲ್ಲಿ. ತುರ್ಕ್ಮೆನಿಸ್ತಾನದಿಂದ ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಬರುವ ತಾಪಿ ಪೈಪಿಗೆ 2015ರಲ್ಲೇ ಗುದ್ದಲಿಪೂಜೆ ಆಯ್ತು. 1,814 ಕಿ.ಮೀ. ಇನ್ನೂ ನಮ್ಮ ಗಡಿ ಮುಟ್ಟಿಲ್ಲ.
ಆದರೆ ಮಾವನ ಭಯ ಪೂರಾ ಸುಳ್ಳೂ ಅಲ್ಲ. ಸಿಲಿಂಡರ್ ಗ್ಯಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಆಮದು, ಹೆಚ್ಚಿನದು ಕೊಲ್ಲಿಯಿಂದಲೇ. ಮಂಗಳೂರು, ಪಾದೂರಿನ ಸರ್ಕಾರಿ ಗುಹೆಗಳಲ್ಲಿ ಕೂಡಿಟ್ಟಿರುವುದು ಕಚ್ಚಾ ತೈಲ, ಸಿಲಿಂಡರ್ ಗ್ಯಾಸ್ ಅಲ್ಲ.

ಶ್ರೀಧರ ಮಾವ: ನೋಡಿದ್ಯಾ ಸುಮಾ!

ವಿನಯ: ಊರವರೆಲ್ಲ ಒಟ್ಟಿಗೆ ಬುಕ್ ಮಾಡಿದರೆ ಹಾರ್ಮುಜ್ ತೆರೆದಿದ್ದರೂ ಸಾಗರದಲ್ಲಿ ಸಿಲಿಂಡರ್ ಸಿಗಲ್ಲ ಮಾವ. ಆ ಮೆಸೇಜು ಅಳಿಸಿ.

ರಮಾ ಚಿಕ್ಕಮ್ಮ (ಹೊಸನಗರ): ನಮ್ಮ ಮನೆಗೆ ಯಾವ ಜಲಸಂಧಿಯೂ ಬೇಡ. ಗೋಬರ್ ಗ್ಯಾಸಿನಲ್ಲಿರುವುದೂ ಅದೇ ಮೀಥೇನ್ ಅಲ್ವಾ? ನಾಲ್ಕು ದನ, ಎರಡು ಒಲೆ. ಬೆಳಿಗ್ಗೆ ಗ್ಯಾಸ್ ತುಂಬಿ ಡ್ರಮ್ ಎಷ್ಟು ಎದ್ದಿದೆ ಅಂತ ನೋಡಿ ಇಡ್ಲಿಯೋ ಅವಲಕ್ಕಿಯೋ ಅಂತ ತೀರ್ಮಾನ. ಮಳೆಗಾಲದ ಥಂಡಿಗೆ ಏಳುವುದು ಕಮ್ಮಿ, ಆಗ ಮಾತ್ರ ಸಿಲಿಂಡರ್ ಹಚ್ಚುತ್ತೇನೆ.

ಸುಮ ಅತ್ತೆ: ಇಲ್ಲಿ ಸಗಣಿ ಬಾಚುವವರು ಯಾರು? ಇವರು ಮೊಬೈಲ್ ಕೆಳಗಿಡಬೇಕಲ್ಲ 😄

ವಿನಯ: ಚಿಕ್ಕಮ್ಮ, ಕೊಟ್ಟಿಗೆ ಇದ್ದವರಿಗೆ ಅದು ಸರಿ. ಫ್ಲಾಟಿನವರು, ಕಾರ್ಖಾನೆಯವರು ಏನು ಮಾಡಬೇಕು? ಪೈಪ್ ಗ್ಯಾಸಿನ ದೊಡ್ಡ ಪಾಲು ಹೋಗುವುದು ಒಲೆಗಲ್ಲ, ಯೂರಿಯಾ ಮಾಡುವುದಕ್ಕೆ. ಹಡಗು ತಡವಾದರೆ ಮಾವನ ಗದ್ದೆಗೂ ಬಿಸಿ ತಟ್ಟುತ್ತದೆ.

ಶ್ರೀಧರ ಮಾವ: ಹೌದಾ? ಹಾಗಾದ್ರೆ ಯೂರಿಯಾ ಈಗಲೇ ನಾಲ್ಕು ಚೀಲ ತಂದಿಡಲಾ?

ರಮಾ ಚಿಕ್ಕಮ್ಮ: ಶ್ರೀಧರಣ್ಣ, ಖಾಲಿ ಡ್ರಮ್ ಹಾಕಿಕೊಂಡು ಬಾ. ಗದ್ದೆಗೆ ಹಾಕಲು ಗೋಬರ್ ಗ್ಯಾಸಿನ ಸ್ಲರಿ ಗೊಬ್ಬರ ಬೇಕಾದಷ್ಟಿದೆ.