16 ಎಂಎಂ ಪ್ರಿಂಟಿನಲ್ಲಿ ಸಮುದ್ರವೇ ಗುಲಾಬಿ: ಹಳೇ ನಿಧಿಬೇಟೆ ಸಿನಿಮಾವನ್ನು ಮಳೆಗಾಲದಲ್ಲಿ ತೋರಿಸುವುದು ಹೇಗೆ?

ಇಕ್ಕೇರಿ_ಬಯಲು (ಸಾಗರ)

ನಮಸ್ಕಾರ. ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಮಕ್ಕಳಿಗೂ ಊರವರಿಗೂ ‘ಬಾಯ್ ಆನ್ ಎ ಡಾಲ್ಫಿನ್’ ತೋರಿಸಬೇಕೆಂದಿದೆ. 1957ರ ಸಿನಿಮಾಸ್ಕೋಪ್ ಚಿತ್ರ, ಜೀನ್ ನೆಗುಲೆಸ್ಕೊ ನಿರ್ದೇಶನ. ಸಮುದ್ರಕ್ಕೆ ಮುಳುಗಿ ಸ್ಪಂಜು ತೆಗೆಯುವ ಗ್ರೀಕ್ ಹೆಣ್ಣಾಗಿ ಸೋಫಿಯಾ ಲೊರೆನ್. ನೀರಿನಡಿ ಅವಳ ಕಣ್ಣಿಗೆ ಬೀಳುವ ಪುರಾತನ ವಿಗ್ರಹದ ಸುತ್ತ ಕತೆ.

ಇರುವುದು 16 ಎಂಎಂ ಪ್ರಿಂಟು, 1600 ಅಡಿಯ ಮೂರು ರೀಲು. ಪ್ರೊಜೆಕ್ಟರಿಗೆ 250 ವ್ಯಾಟ್ ಹ್ಯಾಲೊಜನ್ ದೀಪ, 50 ಎಂಎಂ ಲೆನ್ಸು, ಜೊತೆಗೆ ಚಿತ್ರವನ್ನು ಅಡ್ಡಕ್ಕೆ ಎರಡುಪಟ್ಟು ಹಿಗ್ಗಿಸುವ ಅನಾಮಾರ್ಫಿಕ್ ಲೆನ್ಸು. ಹಾಲ್ 12 ಮೀಟರ್ ಉದ್ದ, ಅರ್ಧ ಹೆಂಚು, ಅರ್ಧ ತಗಡಿನ ಮಾಡು.

ತೊಂದರೆ ಎರಡು. ಚಿತ್ರವೆಲ್ಲ ಗುಲಾಬಿಗೆ ತಿರುಗಿದೆ. ದಡದ ದೃಶ್ಯಗಳನ್ನು ಹೇಗೋ ನೋಡಬಹುದು, ನೀರೊಳಗಿನದು ಮಾತ್ರ ದಾಸವಾಳದ ಶರಬತ್ತಿನ ಹಾಗಿದೆ. ಇನ್ನೊಂದು, ಎರಡನೇ ರೀಲಿನ ಡಬ್ಬಿ ತೆಗೆದರೆ ವಿನೆಗರ್ ವಾಸನೆ ಬರುತ್ತದೆ, ಅಂಚಿನಲ್ಲಿ ಬಿಳಿ ಬೂಷ್ಟು ಕೂತಿದೆ. ಆಷಾಢದ ಮಳೆ ಹಿಡಿದಾಗಿದೆ. ಇದನ್ನು ಓಡಿಸಬಹುದೇ? ಬಣ್ಣಕ್ಕೆ ಏನಾದರೂ ಉಪಾಯ ಉಂಟೇ?

ಕತ್ತಲೆಕೋಣೆ (ಶಿವಮೊಗ್ಗ)

ಬಣ್ಣದ ವಿಷಯ ನಾನು ಹೇಳುತ್ತೇನೆ. ವಾಸನೆಯ ವಿಷಯ ಗೊತ್ತಿದ್ದವರು ಇಲ್ಲೇ ಇದ್ದಾರೆ, ಬರುತ್ತಾರೆ.

ಅದು ಡಿಲಕ್ಸ್ ಕಲರ್, ಅಂದರೆ ಈಸ್ಟ್‌ಮನ್ ಕಲರ್ ಫಿಲಮ್ಮೇ. ಒಂದರ ಮೇಲೊಂದು ಹಳದಿ, ಮಜೆಂಟಾ (ನೇರಳೆಗೆಂಪು), ಸಯಾನ್ (ಹಸಿರುನೀಲಿ) ಬಣ್ಣದ ಪದರ. ಆ ಕಾಲದ ಪ್ರಿಂಟುಗಳಲ್ಲಿ, ಬೆಳಕೇ ಬೀಳದ ಡಬ್ಬಿಯೊಳಗೂ, ಸಯಾನ್ ಎಲ್ಲಕ್ಕಿಂತ ಮೊದಲು ಅಳಿಯುತ್ತದೆ. ಹಳದಿಯೂ ಸೊರಗುತ್ತದೆ. ಮಜೆಂಟಾ ಮಾತ್ರ ಗಟ್ಟಿ. ಈಗ ನೋಡಿ, ಮುಖದ ಬಣ್ಣ ಬರುವುದು ಮುಖ್ಯವಾಗಿ ಮಜೆಂಟಾ ಮತ್ತು ಹಳದಿಯಿಂದ. ಹಾಗಾಗಿ ಮುಖ ಬಚಾವಾಗುತ್ತದೆ. ಸಮುದ್ರದ ನೀಲಿ ಬರುವುದು ಸಯಾನ್ ಮತ್ತು ಮಜೆಂಟಾ ಸೇರಿ. ಸಯಾನ್ ಹೋದರೆ ಉಳಿಯುವುದು ಬರೀ ಮಜೆಂಟಾ. ಜೊತೆಗೆ ನೀರು ಮೊದಲ ಕೆಲವೇ ಮೀಟರಿನಲ್ಲಿ ಕೆಂಪು ಬೆಳಕನ್ನು ನುಂಗಿಬಿಡುವುದರಿಂದ, ನೀರೊಳಗೆ ತೆಗೆದ ದೃಶ್ಯ ಪೂರ್ತಿ ಸಯಾನ್ ಮೇಲೇ ನಿಂತಿರುತ್ತದೆ. ನಿಧಿಬೇಟೆಯ ಸಿನಿಮಾದಲ್ಲಿ ಯಾವುದನ್ನು ನೋಡಲೆಂದು ಜನ ಬರುತ್ತಾರೋ ಅದೇ ಮೊದಲು ಕೆಡುತ್ತದೆ.

ಅಳಿದ ಬಣ್ಣ ಫಿಲಮ್ಮಿಗೆ ವಾಪಸು ಬರುವುದಿಲ್ಲ. ಪರದೆಯ ಮೇಲೆ ಕೆಂಪನ್ನು ತಗ್ಗಿಸಬಹುದು, ಅಷ್ಟೆ. ಲೆನ್ಸಿನ ಮುಂದೆ ಸಿಸಿ 30 (ಬಣ್ಣ ತಿದ್ದುವ ಫಿಲ್ಟರಿನ ಗಾಢತೆಯ ಅಂಕಿ) ಸಯಾನ್ ಫಿಲ್ಟರ್ ಇಟ್ಟರೆ ಕೆಂಪು ಬೆಳಕು ಅರ್ಧಕ್ಕೆ ಇಳಿಯುತ್ತದೆ. ಅದು ಸಿಗದಿದ್ದರೆ ನಾಟಕದ ಲೈಟಿನವರ ಹತ್ತಿರ ತೆಳು ಸಯಾನ್ ಜೆಲ್ ಹಾಳೆ ಇರುತ್ತದೆ. ನಾಟಕದ ಊರು ಹೆಗ್ಗೋಡು ಪಕ್ಕದಲ್ಲೇ ಇರುವ ನಿಮಗೆ ಅದು ಕಷ್ಟವಾಗಲಿಕ್ಕಿಲ್ಲ. ಮಡಿಕೆ, ಗೀರು ಇಲ್ಲದ ತುಂಡನ್ನು ರಟ್ಟಿನ ಚೌಕಟ್ಟಿಗೆ ಅಂಟಿಸಿ ಅನಾಮಾರ್ಫಿಕ್‌ನಿಂದ ಎರಡು-ಮೂರು ಸೆಂಟಿಮೀಟರ್ ಮುಂದೆ ನಿಲ್ಲಿಸಿ. ದೀಪಕ್ಕೂ ಗೇಟಿಗೂ (ಫಿಲಮ್ಮಿನ ಮೇಲೆ ಬೆಳಕು ಬೀಳುವ ಕಿಂಡಿ) ನಡುವೆ ಮಾತ್ರ ಇಡಬೇಡಿ, ಶಾಖಕ್ಕೆ ಸುರುಟಿ ಕರಗುತ್ತದೆ.

20, 30, 40 ಮೂರನ್ನೂ ನೀರೊಳಗಿನ ಒಂದು ದೃಶ್ಯದ ಮೇಲೆ ನೋಡಿ. ಸಮುದ್ರ ಬೂದುನೀಲಿಗೆ ಬಂದ ಕೂಡಲೇ ನಿಲ್ಲಿಸಿ. ಇನ್ನೂ ನೀಲಿಯಾಗಲಿ ಎಂದು ಮುಂದೆ ಹೋದರೆ ದಡದಲ್ಲಿ ನಿಂತವರ ಮುಖಕ್ಕೆ ಹೆಣದ ಕಳೆ ಬರುತ್ತದೆ. ನೆರಳಿನ ಭಾಗ ಏನು ಮಾಡಿದರೂ ಕಂದುಗೆಂಪೇ, ಅದನ್ನು ಬಿಟ್ಟುಬಿಡಿ. ದೃಶ್ಯಕ್ಕೊಂದರಂತೆ ಫಿಲ್ಟರ್ ಬದಲಿಸಲೂ ಬೇಡಿ. ಒಂದೇ ಬಣ್ಣಕ್ಕೆ ಕಣ್ಣು ಸ್ವಲ್ಪ ಹೊತ್ತಿನಲ್ಲಿ ಒಗ್ಗಿಕೊಳ್ಳುತ್ತದೆ, ಪದೇ ಪದೇ ಬದಲಾದರೆ ಒಗ್ಗುವುದಿಲ್ಲ.

ಆಗುಂಬೆ_ಹಾದಿ (ತೀರ್ಥಹಳ್ಳಿ)

ಬಣ್ಣಕ್ಕಿಂತ ವಾಸನೆ ತುರ್ತು ಮಾರಾಯ್ರೆ. ಮೊದಲು ಆ ಎರಡನೇ ರೀಲನ್ನು ಉಳಿದೆರಡರಿಂದ ಬೇರೆ ಕೋಣೆಗೆ ಒಯ್ಯಿರಿ. ಅಸಿಟೇಟ್ ಫಿಲಮ್ಮು ತೇವಕ್ಕೂ ಶಾಖಕ್ಕೂ ಒಡೆದಾಗ ಅಸಿಟಿಕ್ ಆಮ್ಲ ಹೊರಡುತ್ತದೆ, ವಿನೆಗರ್ ವಾಸನೆ ಅದರದ್ದೇ. ಆ ಆಮ್ಲವೇ ಮತ್ತೆ ಒಡೆಯುವಿಕೆಯನ್ನು ಜೋರು ಮಾಡುತ್ತದೆ, ಪಕ್ಕದ ರೀಲಿಗೂ ತಗಲುತ್ತದೆ. ತುಕ್ಕು ಹಿಡಿದ ತಗಡಿನ ಡಬ್ಬಿ ಇದ್ದರೆ ಎಸೆದು, ಗಾಳಿಯಾಡುವ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ.

ಓಡಿಸಬಹುದೋ ಇಲ್ಲವೋ ಎಂಬುದನ್ನು ಮೂಗು ಹೇಳುವುದಿಲ್ಲ, ಅಳತೆಪಟ್ಟಿ ಹೇಳುತ್ತದೆ. 16 ಎಂಎಂನಲ್ಲಿ ಫ್ರೇಮಿಗೊಂದು ತೂತು, ಹೊಸ ಪ್ರಿಂಟಿನಲ್ಲಿ ತೂತಿನಿಂದ ತೂತಿಗೆ 7.62 ಮಿಲಿಮೀಟರ್. ಅಂದರೆ 100 ಫ್ರೇಮಿಗೆ 762. ಫಿಲಮ್ಮನ್ನು ಎಳೆಯದೆ ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಿ, ಒಂದು ತೂತಿನ ಮೇಲಂಚಿನಿಂದ ನೂರನೇ ಫ್ರೇಮ್ ದಾಟಿದ ಮೇಲಿನ ತೂತಿನ ಮೇಲಂಚಿನವರೆಗೆ ಸ್ಟೀಲ್ ಪಟ್ಟಿಯಲ್ಲಿ ಅಳೆಯಿರಿ. ರೀಲಿನ ಶುರು, ನಡು, ಕೊನೆ ಮೂರು ಕಡೆಯೂ ನೋಡಬೇಕು. 756ರವರೆಗೆ, ಅಂದರೆ ನೂರಕ್ಕೆ 0.8ರಷ್ಟು ಕುಗ್ಗಿದ್ದರೆ, ಜಾಗ್ರತೆಯಿಂದ ಓಡಿಸಬಹುದು. 754ಕ್ಕೆ ಇಳಿದಿದ್ದರೆ ಪ್ರೊಜೆಕ್ಟರಿಗೆ ಹಾಕಲೇಬೇಡಿ. ಪ್ರೊಜೆಕ್ಟರಿನ ಹಲ್ಲಿನ ಅಂತರ ಮೊದಲಿನಷ್ಟೇ ಇದ್ದು ತೂತಿನ ಅಂತರ ಕಡಿಮೆಯಾದ್ದರಿಂದ ತೂತುಗಳು ಸಾಲಾಗಿ ಹರಿಯುತ್ತವೆ.

ಬೂಷ್ಟಿಗೆ ಒದ್ದೆ ಬಟ್ಟೆ ಮುಟ್ಟಿಸಬೇಡಿ. ಬೂಷ್ಟು ತಿನ್ನುವುದು ಚಿತ್ರವಿರುವ ಜೆಲಟಿನ್ನನ್ನು. ಅದು ತಿಂದ ಜಾಗ ನೀರಿಗೆ ಕರಗುವ ಹಾಗಾಗಿರುತ್ತದೆ, ಒರೆಸಿದರೆ ಬೂಷ್ಟಿನ ಜೊತೆ ಚಿತ್ರವೂ ಬರುತ್ತದೆ. 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ತನ್ನಿ. ಮೆಡಿಕಲ್ ಶಾಪಿನ 70 ಶೇಕಡಾದ್ದರಲ್ಲಿ ಉಳಿದದ್ದು ಹೆಚ್ಚುಕಡಿಮೆ ನೀರೇ, ಅದು ಆಗದು. ಲೀಡರಿನ (ರೀಲಿನ ತುದಿಯಲ್ಲಿ ಸಿನಿಮಾ ಇಲ್ಲದ ತುಂಡು) ಮೇಲೆ ಮೊದಲು ಪರೀಕ್ಷಿಸಿ, ಆಮೇಲೆ ಮೆತ್ತನೆ ಹತ್ತಿಬಟ್ಟೆಯನ್ನು ತುಸುವೇ ಅದ್ದಿ, ರಿವೈಂಡರಿನಲ್ಲಿ ನಿಧಾನ ಸುತ್ತುತ್ತ ಬಟ್ಟೆಯ ನಡುವೆ ಹಾಯಿಸಿ. ಹದಿನೈದು-ಇಪ್ಪತ್ತು ಅಡಿಗೊಮ್ಮೆ ಬಟ್ಟೆಯ ಮಗ್ಗುಲು ಬದಲಿಸಿ, ಇಲ್ಲದಿದ್ದರೆ ಎತ್ತಿದ ಕಸವೇ ಗೀರುತ್ತದೆ. ಫಿಲಮ್ಮು ಮತ್ತೆ ರೀಲಿಗೆ ಸುತ್ತಿಕೊಳ್ಳುವ ಮೊದಲು ಆರಿರಬೇಕು. ಕಿಟಕಿ ತೆಗೆದಿಡಿ, ಹತ್ತಿರ ಬೆಂಕಿ ಬೇಡ.

ಮಳೆಗಾಲದಲ್ಲಿ ಬೆಚ್ಚಗಿರಲಿ ಎಂದು ಒಲೆಯ ಮೇಲಿನ ಅಟ್ಟದಲ್ಲಿ ಇಡುವ ಅಭ್ಯಾಸ ನಮ್ಮ ಕಡೆ ಎಲ್ಲದಕ್ಕೂ ಉಂಟು. ಫಿಲಮ್ಮಿಗೆ ಅದು ವಿಷ. ಶಾಖ ಏರಿದಷ್ಟೂ ಆಮ್ಲ ಬೇಗ ಹುಟ್ಟುತ್ತದೆ.

ರೀಲ್‌ಗಾಡಿ (ಹೊಸನಗರ)

ಹಾಲಿನ ಲೆಕ್ಕ. ಪ್ರೊಜೆಕ್ಟರಿನ ಗೇಟು ಸುಮಾರು 9.65 × 7.26 ಮಿಲಿಮೀಟರ್. 12 ಮೀಟರ್ ದೂರದಿಂದ 50 ಎಂಎಂ ಲೆನ್ಸಿಗೆ ಚಿತ್ರದ ಅಗಲ 2.3 ಮೀಟರ್, ಅನಾಮಾರ್ಫಿಕ್ ಹಾಕಿದರೆ 4.6. ಫಿಲ್ಟರ್ ಬೇರೆ ಇರುವಾಗ 250 ವ್ಯಾಟ್ ದೀಪಕ್ಕೆ ಇದು ಹೊರೆ. ಯಂತ್ರವನ್ನು 9 ಮೀಟರಿಗೆ ತನ್ನಿ. ಪರದೆ ಸುಮಾರು 3.5 ಮೀಟರ್ ಅಗಲ, 1.3 ಎತ್ತರ ಆಗುತ್ತದೆ, ಬೆಳಕು ಮುಕ್ಕಾಲು ಪಾಲು ಹೆಚ್ಚುತ್ತದೆ. ಗಾಜಿನ ಹೆಂಚುಗಳಿಗೆ ಕಪ್ಪು ಪ್ಲಾಸ್ಟಿಕ್ ಹೊದಿಸುವುದನ್ನು ಮರೆಯಬೇಡಿ.

ಫೋಕಸ್ ಮೊದಲು ಮೂಲ ಲೆನ್ಸಿನಲ್ಲಿ, ಆಮೇಲೆ ಅನಾಮಾರ್ಫಿಕ್‌ನಲ್ಲಿ. ಅದು ಓರೆಯಾಗಿ ಕೂತಿದ್ದರೆ ದೋಣಿಯ ಕೂವೆಮರ ವಾಲುತ್ತದೆ. ಕೂವೆಮರ ನೆಟ್ಟಗಾಗುವವರೆಗೆ ಲೆನ್ಸನ್ನು ತಿರುಗಿಸಿ ಸ್ಕ್ರೂ ಬಿಗಿ ಮಾಡಿ. ತುಟಿಗೂ ಮಾತಿಗೂ ಹೊಂದದಿದ್ದರೆ ಗೇಟಿನ ಕೆಳಗಿನ ಲೂಪ್ (ಫಿಲಮ್ಮನ್ನು ಸಡಿಲವಾಗಿ ಬಾಗಿಸಿ ಬಿಟ್ಟ ಭಾಗ) ನೋಡಿ. 16 ಎಂಎಂನಲ್ಲಿ ಧ್ವನಿ ಚಿತ್ರಕ್ಕಿಂತ 26 ಫ್ರೇಮ್ ಮುಂದಿರುತ್ತದೆ, ಲೂಪ್ ಚಿಕ್ಕದು ದೊಡ್ಡದಾದರೆ ಆ ಅಂತರ ತಪ್ಪುತ್ತದೆ.

ಕರೆಂಟು ಹೋಗುವುದಂತೂ ಖಂಡಿತ. ಜನರೇಟರ್ 50 ಹರ್ಟ್ಸ್‌ನಿಂದ 47ಕ್ಕೆ ಇಳಿದರೆ, ಮೋಟಾರು ಲೈನಿನ ಆವರ್ತನಕ್ಕೆ ಕಟ್ಟುಬಿದ್ದ ಯಂತ್ರಗಳಲ್ಲಿ ಮಾತು, ಸಂಗೀತ ಎರಡೂ ಅರ್ಧ ಸ್ವರ ತಗ್ಗುತ್ತವೆ. ಶುರುವಿಗೆ ಮೊದಲು ಮೀಟರ್ ಹಿಡಿದು ಆವರ್ತನ ಸರಿಮಾಡಿ. ಅಗ್ಗದ ಚೌಕತರಂಗದ ಇನ್ವರ್ಟರ್ ಬೇಡ, ಮೋಟಾರೂ ಸ್ಪೀಕರೂ ಗೊಂಯ್‌ಗುಡುತ್ತವೆ. ತಗಡಿನ ಮೇಲೆ ಮಳೆ ಹೊಡೆದಾಗ ಯಂತ್ರದ ಒಳಸ್ಪೀಕರ್ ಯಾರಿಗೂ ಕೇಳದು. ಹೊರಗಿನ ಸ್ಪೀಕರನ್ನು ಹೆಂಚಿನ ಭಾಗದಲ್ಲಿ, ಪರದೆಯ ಪಕ್ಕ, ಕೂತವರ ಕಿವಿಗಿಂತ ತುಸು ಎತ್ತರಕ್ಕೆ ಇಡಿ. ಪರದೆಯನ್ನೂ ಆ ಕಡೆಗೇ ಕಟ್ಟಿ.

ಇಕ್ಕೇರಿ_ಬಯಲು (ಸಾಗರ)

ಎಲ್ಲರಿಗೂ ಧನ್ಯವಾದ. ಅಳೆದಾಯಿತು. ಒಂದು ಮತ್ತು ಮೂರನೇ ರೀಲು 760, ಎರಡನೆಯದು ನಡುವೆ 757. ಇಂಗ್ಲಿಷ್ ಮಾತು ಮಕ್ಕಳಿಗೆ ಪೂರ್ತಿ ಹಿಡಿಯಲಿಕ್ಕಿಲ್ಲ. ರೀಲ್ ಬದಲಿಸುವಾಗ ಕನ್ನಡದಲ್ಲಿ ನಾಲ್ಕು ಮಾತು ಹೇಳಬೇಕು. ಸಮುದ್ರದಡಿಯ ವಿಗ್ರಹದ ಬಗ್ಗೆ ನಿಜವಾದದ್ದು ಏನು ಹೇಳಬಹುದು?

ಹಿನ್ನೀರು (ಶಿವಮೊಗ್ಗ)

ಆಂಟಿಕಿತೆರಾ ಎಂಬ ಗ್ರೀಕ್ ದ್ವೀಪದ ಕತೆ ಹೇಳಿ. 1900ರಲ್ಲಿ ಸಿಮಿ ದ್ವೀಪದ ಸ್ಪಂಜು ಮುಳುಗುಗಾರರೇ ಆಂಟಿಕಿತೆರಾದ ಹತ್ತಿರ ಮುಳುಗಿದ ಪುರಾತನ ಹಡಗನ್ನು ಕಂಡದ್ದು. ಕಂಚಿನ ಯುವಕನ ಪ್ರತಿಮೆ, ಅಮೃತಶಿಲೆಯ ವಿಗ್ರಹಗಳು, ಆಕಾಶಕಾಯಗಳ ಲೆಕ್ಕ ತೋರಿಸುವ ಹಲ್ಲುಚಕ್ರದ ಯಂತ್ರ, ಎಲ್ಲ ಅಲ್ಲಿಂದ ಬಂದವು, ಈಗ ಅಥೆನ್ಸಿನ ಮ್ಯೂಸಿಯಮ್ಮಿನಲ್ಲಿವೆ. ಮರಳಲ್ಲಿ ಹೂತಿದ್ದ ಅಮೃತಶಿಲೆ ನಯವಾಗಿ ಉಳಿದಿತ್ತು, ನೀರಿಗೆ ತೆರೆದಿದ್ದ ಭಾಗವನ್ನು ಸಮುದ್ರದ ಜೀವಿಗಳು ಕೊರೆದುಹಾಕಿದ್ದವು. ಕಂಚೂ ಸಿನಿಮಾಗಳಲ್ಲಿ ಕಾಣುವ ಹಾಗೆ ಥಳಥಳ ಹೊಳೆಯುತ್ತ ಬರುವುದಿಲ್ಲ. ಸುಣ್ಣದ ಕವಚ ಕಟ್ಟಿಕೊಂಡು, ಹಸಿರುಗಟ್ಟಿ ಬರುತ್ತದೆ.

ಬೆಲೆ ತೆತ್ತವರ ವಿಷಯವನ್ನೂ ಹೇಳಿ. ಪ್ರತಿ 10 ಮೀಟರಿಗೆ ನೀರಿನ ಒತ್ತಡ ಒಂದು ವಾತಾವರಣದಷ್ಟು ಏರುತ್ತದೆ. ಆ ಹಡಗು ಇದ್ದದ್ದು ಸುಮಾರು 45 ಮೀಟರ್ ಆಳದಲ್ಲಿ. ಅಷ್ಟು ಒತ್ತಡದಲ್ಲಿ ರಕ್ತಕ್ಕೆ ಸೇರಿದ ಸಾರಜನಕ, ಮೇಲೆ ಬೇಗ ಬಂದರೆ ಗುಳ್ಳೆಯಾಗಿ ಹೊರಡುತ್ತದೆ. ಆ ಕೆಲಸದಲ್ಲಿ ಒಬ್ಬ ತೀರಿಕೊಂಡ, ಇಬ್ಬರಿಗೆ ಲಕ್ವ ಹೊಡೆಯಿತು. ಬೇಸಗೆಯಲ್ಲಿ ಶರಾವತಿ ಹಿನ್ನೀರು ಇಳಿದಾಗ ಮಡೆನೂರು ಅಣೆಕಟ್ಟು ಮೇಲೇಳುವುದನ್ನು ಕಂಡ ಮಕ್ಕಳಿಗೆ ಮುಳುಗಡೆ ಅಂದರೇನೆಂದು ಬೇರೆ ಹೇಳಬೇಕಿಲ್ಲ, ಆಳ ಅಂದರೇನೆಂದು ಮಾತ್ರ ಹೇಳಿ.

ಆಗುಂಬೆ_ಹಾದಿ (ತೀರ್ಥಹಳ್ಳಿ)

757 ಅಂದರೆ ನೂರಕ್ಕೆ 0.7ರ ಹತ್ತಿರ. ಪ್ರದರ್ಶನಕ್ಕೆ ಒಮ್ಮೆ ಓಡಿಸಿ, ಅಭ್ಯಾಸಕ್ಕೆಂದು ಮತ್ತೆ ಮತ್ತೆ ಬೇಡ. ಫಿಲ್ಟರ್ ಪರೀಕ್ಷೆಯನ್ನೂ ಒಂದನೇ ರೀಲಿನ ನೀರಿನ ದೃಶ್ಯದಲ್ಲೇ ಮುಗಿಸಿ. ತಾನಾಗಿ ಫಿಲಮ್ ಎಳೆದುಕೊಳ್ಳುವ ದಾರಿಗಿಂತ ಕೈಯಲ್ಲಿ ಪೋಣಿಸುವ ಯಂತ್ರ ಸಿಕ್ಕರೆ ಒಳ್ಳೆಯದು. ಎರಡು ಲೂಪನ್ನೂ ಗುರುತಿನಷ್ಟೇ ಬಿಡಿ. ಹಳೇ ಅಂಟಿನ ಜೋಡಣೆಗಳನ್ನು ಬೆರಳಲ್ಲಿ ಮೆಲ್ಲಗೆ ಬಗ್ಗಿಸಿ ನೋಡಿ, ಬಿರುಕು ಬಿಟ್ಟದ್ದಕ್ಕೆ ಸ್ಪ್ಲೈಸಿಂಗ್ ಟೇಪ್ ಹಾಕಿ. ತೇವದ ದಿನ ಎಮಲ್ಷನ್ (ಚಿತ್ರವಿರುವ ಜೆಲಟಿನ್ ಪದರ) ಮೆತ್ತಗಾಗಿ ಗೇಟಿನಲ್ಲಿ ಕೆರೆದು ಕೂರುತ್ತದೆ. ಪ್ರತಿ ರೀಲಿಗೂ ಮೊದಲು ಬಿದಿರು ಕಡ್ಡಿಯಲ್ಲಿ ತೆಗೆಯಿರಿ, ಕಬ್ಬಿಣ ತಾಗಿಸಬೇಡಿ. ‘ಟರ್ರ್’ ಎಂಬ ಸದ್ದು ಬಂದರೆ ಲೂಪ್ ಹೋಗಿದೆ ಎಂದರ್ಥ. ಚಿತ್ರ ಕುಣಿಯುವುದನ್ನು ನೋಡುತ್ತ ನಿಲ್ಲದೆ ತಕ್ಷಣ ಮೋಟಾರು ನಿಲ್ಲಿಸಿ. ಸದ್ದು ಕೇಳುವಷ್ಟು ಹತ್ತಿರ ಒಬ್ಬರು ಯಂತ್ರದ ಪಕ್ಕದಿಂದ ಏಳದೇ ಕೂತಿರಬೇಕು.